ಒಂಬತ್ತು ಸೆಕೆಂಡಿನ ಪಂಚಮ

ಮೊನ್ನೆ ಸುಣ್ಣಬಣ್ಣದವರು ಬರುತ್ತಾರೆಂದು ಕಪಾಟು ಖಾಲಿ ಮಾಡುವಾಗ ನನ್ನ ಹಳೆಯ ಮೊಬೈಲು ಸಿಕ್ಕಿತು. ಗಾಜಿನ ಒಂದು ಮೂಲೆ ಒಡೆದಿತ್ತು, ಬೆನ್ನಿನ ಮೇಲೆ ಯಾವುದೋ ಸಂಗೀತ ಕಚೇರಿಯಲ್ಲಿ ಕೊಟ್ಟ ಗಂಧದ ಕಲೆ ಒಣಗಿ ಕೂತಿತ್ತು. ಚಾರ್ಜಿಗೆ ಹಾಕಿದೆ. ಎಚ್ಚರಾಗಲು ಅರ್ಧ ಗಂಟೆ ತೆಗೆದುಕೊಂಡಿತಾದರೂ ಎದ್ದ ಮೇಲೆ ಎಲ್ಲವನ್ನೂ ನೆನಪಿಟ್ಟುಕೊಂಡಿತ್ತು. ಪರದೆಯ ಮೇಲೆ 'ನಾದಜಗಲಿ' ತಾನಾಗಿ ತೆರೆದುಕೊಂಡಿತು, ಬಲಗಡೆಯ ಮೂಲೆಯಲ್ಲಿ ನನ್ನ ಅಂದಿನ ಹೆಸರು: ಶ್ರುತಿಶುದ್ಧ.

ಈ ಹೆಸರು ನೋಡಿ ನನಗೇ ಮುಜುಗರವಾಯಿತು. ಕೆಂಪಾಪುರದ ಎರಡನೇ ಅಡ್ಡರಸ್ತೆಯಲ್ಲಿ ಬೆಳಿಗ್ಗೆ ಹಾಲಿಗೆ ಹೋಗುವ, ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವ ಮನುಷ್ಯನೊಬ್ಬ ಅಂತರ್ಜಾಲದಲ್ಲಿ ತನಗೆ ತಾನೇ ಇಂಥ ಬಿರುದು ಕೊಟ್ಟುಕೊಂಡಿದ್ದ ಎಂದರೆ ನೀವು ನಗುತ್ತೀರಿ. ನಗಿ, ತಪ್ಪಿಲ್ಲ. ಅಲ್ಲಿ ಎಲ್ಲರೂ ಹಾಗೇ ಇದ್ದರು. ಒಬ್ಬರು 'ಮೂರನೇ ಕಾಲ', ಇನ್ನೊಬ್ಬರು 'ತಾಳಬ್ರಹ್ಮ'. ಕರ್ನಾಟಕ ಸಂಗೀತ ಹಾಡುವವರು, ನುಡಿಸುವವರು, ನನ್ನಂತೆ ಕೇಳುವುದೊಂದೇ ಗೊತ್ತಿರುವವರು ಸೇರಿ ಹರಟುವ ಜಾಗ ಅದು. ಯಾರ ಮೃದಂಗದ ತನಿ ಉದ್ದವಾಯಿತು, ಯಾರ ಮಂಗಳ ಅವಸರದಲ್ಲಿ ಮುಗಿಯಿತು, ಯಾವ ಸಭೆಯ ಬೋಂಡಾ ಆರಿಹೋಗಿತ್ತು ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತಿತ್ತು. ಸಾವಿರಾರು ಮೈಲಿ ದೂರ ಕೂತ ಸದಸ್ಯರೊಬ್ಬರಂತೂ ತಾವು ಬಾರದ ಮಲ್ಲೇಶ್ವರದ ಕಚೇರಿಯ ಮೈಕು ಸರಿಯಿರಲಿಲ್ಲವೆಂದು ಖಂಡಿತವಾಗಿ ಬರೆಯುತ್ತಿದ್ದರು.

ನಾನು ಅಳತೆ ಮತ್ತು ತೂಕದ ಇಲಾಖೆಯಲ್ಲಿದ್ದವನು. ಸೇವೆಯುದ್ದಕ್ಕೂ ಅಂಗಡಿಗಳ ತಕ್ಕಡಿ ಎತ್ತಿ, ತಟ್ಟೆಯ ಅಡಿಯಲ್ಲಿ ಹುಣಸೆಹಣ್ಣು ಅಂಟಿಸಿದ್ದಾರೆಯೇ ಎಂದು ನೋಡಿದ್ದೇನೆ. ನಿವೃತ್ತನಾದ ಮೇಲೂ ಆ ಚಾಳಿ ಹೋಗಲಿಲ್ಲ. ತಕ್ಕಡಿಯ ಜಾಗಕ್ಕೆ ಹಾಡುವವರು ಬಂದರು, ಅಷ್ಟೇ ವ್ಯತ್ಯಾಸ. ಇದಕ್ಕೆ ಹೇಳಿ ಮಾಡಿಸಿದಂತೆ ಜಗಲಿಯಲ್ಲಿ 'ಕತ್ತರಿ' ಎಂಬ ವಿಭಾಗವಿತ್ತು. ಪುರಾವೆ ಇಲ್ಲದೆ ಯಾರೂ ಕಲಾವಿದರ ತಪ್ಪು ಎತ್ತಕೂಡದು, ಕಚೇರಿಯ ಧ್ವನಿಮುದ್ರಣದಿಂದ ತಪ್ಪಿನ ಜಾಗವನ್ನಷ್ಟೇ ಕತ್ತರಿಸಿ ಹಾಕಬೇಕು, ಅದು ಹತ್ತು ಸೆಕೆಂಡು ಮೀರಬಾರದು. ಎಂಥ ನ್ಯಾಯವಾದ ನಿಯಮ ಎಂದು ನಾವೆಲ್ಲ ಬೀಗುತ್ತಿದ್ದೆವು. ಕತ್ತರಿ ವಿಭಾಗದಲ್ಲಿ ನನ್ನ ಕೈ ಬಹಳ ಚುರುಕು.

ಹೀಗಿರುವಾಗ ನಗರದಂಚಿನ ಕೋಗಿಲಿನಲ್ಲಿ ಮಂಜುಳಾ ಎಂಬವರ ಗಾಯನವಿದೆ ಎಂದು ಜಗಲಿಯಲ್ಲಿ ಯಾರೋ ಹಾಕಿದರು. ಎರಡು ಬಸ್ಸು ಬದಲಿಸಿ ಹೋದೆ. ಹೊಸದಾಗಿ ಕಟ್ಟಿದ ನಾಲ್ಕಂತಸ್ತಿನ ಕಟ್ಟಡ, ಅದರ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಜಮಖಾನ ಹಾಸಿ, ಕಂಬಗಳಿಗೆ ಮಾವಿನೆಲೆ ಕಟ್ಟಿದ್ದರು. ಕಟ್ಟಡದ ಯಜಮಾನರು ಪಿಳ್ಳಪ್ಪ, ಅದೇ ಊರಿನ ಹಳೆಯ ಒಕ್ಕಲು. ಮಂಜುಳಾ ಈ ಪಿಳ್ಳಪ್ಪನವರ ಸೊಸೆ. ಆರ್.ಟಿ. ನಗರದಲ್ಲಿ ಹುಟ್ಟಿ ಚಿಕ್ಕಂದಿನಿಂದ ಪಾಠ ಕಲಿತವರು, ಮದುವೆ ಮಕ್ಕಳು ಎಂದು ನಿಂತುಹೋಗಿ, ನಲವತ್ತು ದಾಟಿದ ಮೇಲೆ ಮೊದಲ ಬಾರಿ ಪೂರ್ಣ ಕಚೇರಿಗೆ ಕೂತಿದ್ದರು. ಮಾವನವರೇ ಮುಂದೆ ನಿಂತು ಎಲ್ಲರಿಗೂ ಪಾನಕ ಕೊಡಿಸುತ್ತಿದ್ದರು. ನಾನು ಕೊನೆಯ ಸಾಲಿನಲ್ಲಿ ಕಂಬಕ್ಕೆ ಒರಗಿ, ಮೊಬೈಲಿನಲ್ಲಿ ಧ್ವನಿಮುದ್ರಣ ಹಚ್ಚಿ, ಅದನ್ನು ಕೈಯಲ್ಲಿ ಹಿಡಿದು ಕೂತೆ.

ಚೆನ್ನಾಗಿ ಹಾಡಿದರು. ಈಗ ಹೇಳುತ್ತಿದ್ದೇನೆ, ನಿಜಕ್ಕೂ ಚೆನ್ನಾಗಿ ಹಾಡಿದರು. ಹಿಂದೋಳ ರಾಗದ ಆಲಾಪನೆಗೆ ಬಂದರು. ಹಿಂದೋಳದಲ್ಲಿ ಪಂಚಮ ಇಲ್ಲ. ಸರಿಗಮಪದನಿಯ ಆ 'ಪ' ಅಲ್ಲಿಗೆ ಕಾಲಿಡುವಂತಿಲ್ಲ, ಇಟ್ಟರೆ ರಾಗ ಕೆಟ್ಟಿತು. ಅವರು ಮಧ್ಯಮದಲ್ಲಿ ನಿಂತು ಮೆಲ್ಲಗೆ ಮೇಲಕ್ಕೆ ಹೋಗುತ್ತಿದ್ದರು, ನಾನು ಜಗಲಿಗೆ ಹಾಡುಗಳ ಪಟ್ಟಿ ಟೈಪು ಮಾಡುತ್ತಿದ್ದೆ. ಆಗ ನನ್ನ ಕಿವಿಗೆ ಬಿತ್ತು ನೋಡಿ, ಶುದ್ಧವಾದ, ನೀಳವಾದ ಪಂಚಮ. ನನಗೆ ಎಷ್ಟು ಸಂತೋಷವಾಯಿತೆಂದರೆ, ಅದನ್ನು ಹೇಳಲು ಈಗ ನಾಚಿಕೆಯಾಗುತ್ತದೆ.

ಕಚೇರಿ ಮುಗಿದ ಮೇಲೆ ಪಿಳ್ಳಪ್ಪನವರು ಒಂದು ದಪ್ಪ ಪುಸ್ತಕ ಮುಂದೆ ಹಿಡಿದು ಅಭಿಪ್ರಾಯ ಬರೆಯಿರಿ ಎಂದರು. 'ಬಹಳ ಸೊಗಸಾಗಿತ್ತು, ಹೀಗೆಯೇ ಮುಂದುವರಿಯಲಿ' ಎಂದು ಬರೆದು ಹೆಸರು, ಫೋನ್ ನಂಬರು ಹಾಕಿ, ಕೋಸಂಬರಿಯ ಪೊಟ್ಟಣ ತೆಗೆದುಕೊಂಡು ಬಂದೆ. ಮಾರನೆಯ ಬೆಳಿಗ್ಗೆ ಕಾಫಿಗೂ ಮುಂಚೆ ಒಂಬತ್ತು ಸೆಕೆಂಡು ಕತ್ತರಿಸಿ ಜಗಲಿಗೆ ಏರಿಸಿದೆ. ಮೇಲೆ ಒಂದು ಸಾಲು: 'ಕೋಗಿಲಿನ ಹಿಂದೋಳಕ್ಕೆ ಪಂಚಮದ ದಾನ.'

ಮಧ್ಯಾಹ್ನದೊಳಗೆ ಜಗಲಿ ತುಂಬಿಹೋಯಿತು. 'ನನಗೆ ಕೇಳಿಸಲಿಲ್ಲ' ಎಂದು ಒಬ್ಬರೂ ಬರೆಯಲಿಲ್ಲ, ಹಾಗೆ ಬರೆದರೆ ತಮ್ಮ ಕಿವಿಯ ಬಗ್ಗೆ ತಾವೇ ದೂರು ಕೊಟ್ಟಂತೆ. ಮೂರನೇ ಕಾಲದವರು ತಾವು ಮುಂದಿನ ಸಾಲಿನಲ್ಲೇ ಇದ್ದುದಾಗಿಯೂ, ತಮಗೆ ಆಗಲೇ ಅದು ಚುಚ್ಚಿತೆಂದೂ ಬರೆದರು. ಮೃದಂಗದವರೊಬ್ಬರು ತಮಾಷೆಯ ಚಿತ್ರ ಹಾಕಿದರು. ನಾನು ಪ್ರತಿ ಪ್ರತಿಕ್ರಿಯೆಯನ್ನೂ ಹೆಂಡತಿಗೆ ಓದಿ ಹೇಳಿದೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತ, "ಆಯಮ್ಮ ಇದನ್ನ ಓದಲ್ವಾ?" ಎಂದು ಕೇಳಿದಳು. ನಾನು ಮುಂದಿನ ಪ್ರತಿಕ್ರಿಯೆ ಓದಿದೆ.

ವಾರ ಕಳೆದು ಪಿಳ್ಳಪ್ಪನವರ ಫೋನು ಬಂತು. "ನೀವು ಪುಸ್ತಕದಾಗೆ ಬರ್ದಿದ್ದು ಓದ್ದೆ ಸ್ವಾಮಿ, ಬಲು ಚೆಂದಾಗಿ ಬರ್ದಿದೀರಿ. ಒಂದ್ ಕಿತ ನಿಮ್ಮನೆತಾವ ಬರ್ತೀನಿ" ಎಂದರು. ಬಂದೇ ಬಿಟ್ಟರು. ನಮ್ಮ ಬೀದಿಯ ಅರ್ಧ ಅಗಲದ ಕಾರು, ಬಿಳಿ ಪಂಚೆ, ಹೆಗಲ ಮೇಲೆ ಟವಲು, ಕೈಯಲ್ಲಿ ತಮ್ಮ ಮನೆಯ ಸೀಬೆಹಣ್ಣಿನ ಚೀಲ. ಕೂತು ನೀರು ಕುಡಿದು ವಿಷಯಕ್ಕೆ ಬಂದರು.

"ಸೊಸೆ ಸಂಗೀತ ಬಿಟ್ಬುಟ್ಟವ್ಳೆ. ಯಾರೋ ಮೊಬೈಲ್‌ನಾಗೆ ಏನೋ ಬರ್ದವ್ರಂತೆ. ತಂಬೂರಿ ಪೆಟ್ಗೆನ ಗಂಟು ಕಟ್ಟಿ ಅಟ್ಟದ ಮ್ಯಾಗೆ ಇಕ್ಬುಟ್ಟವ್ಳೆ. ಎಬ್ಬಾಳದಾಗೆ ಒಂದು ಪ್ರೋಗ್ರಾಮ್ ಕೊಟ್ಟಿದ್ರು, ಅವ್ರೂ ಈಗ ಬ್ಯಾಡ ಅಂದ್ರು. ಅದೇನ್ ತಪ್ಪು ಅಂತ ನಂಗೆ ಗೊತ್ತಾಗಾಕಿಲ್ಲ. ಅವತ್ತು ಕಂಬದ ಪಕ್ಕ ಫೋನ್ ಇಡ್ಕೊಂಡು ಕೂತಿದ್ದೋರು ನೀವೊಬ್ರೇಯ. ನಿಮ್ತಾವ ಪೂರ್ತಿ ಇರ್ಬೋದು, ಒಸಿ ಕೇಳ್ಸಿ ಅಂತ ಬಂದೆ."

ಬರೆದವನು ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತ ನನ್ನ ಹೆಂಡತಿಗೆ ಗೊತ್ತಿತ್ತು. ಕೈಯಲ್ಲಿದ್ದ ಮೊಬೈಲಿನಲ್ಲಿ ಪೂರ್ತಿ ಧ್ವನಿಮುದ್ರಣ ಹುಡುಕಿ, ಹಿಂದೋಳದ ಜಾಗಕ್ಕೆ ತಂದು ಬಿಟ್ಟೆ. ಪಿಳ್ಳಪ್ಪನವರು ಕಣ್ಣು ಮುಚ್ಚಿ ಕೂತರು. ಪಂಚಮ ಬಂತು. ನಾನು ನಿಲ್ಲಿಸಿ, "ಇಲ್ಲೇ, ಈ ಸ್ವರ" ಎಂದೆ.

"ಇದಾ?" ಎಂದು ಅವರು ಕಣ್ಣು ಬಿಟ್ಟರು. "ಇದು ಗೂಡ್ಸು."

"ಏನು?"

"ಗೂಡ್ಸ್ ಗಾಡಿ ಕಣ್ರೀ. ಸಂಜೆ ದೀಪ ಅಚ್ಚೋ ಒತ್ಗೆ ಒಂದು ಓಗ್ತದೆ, ನಮ್ಮನೆ ಇಂದ್ಗಡೆ. ಅದ್ರ ಆರನ್ ಸದ್ದು. ಉಟ್ಟಿದಾಗಿಂದ ಕೇಳ್ತಿವ್ನಿ. ಯಾಕ್ ನಿಲ್ಸಿದ್ರಿ, ಮುಂದ್ಕೆ ಬಿಡಿ, ಈಗ ಡಬ್ಬಗಳು ಬತ್ತವೆ ನೋಡಿ."

ಮುಂದಕ್ಕೆ ಬಿಟ್ಟೆ. ಒಂಬತ್ತು ಸೆಕೆಂಡು ಮುಗಿಯಿತು. ಹತ್ತನೆಯ ಸೆಕೆಂಡಿನಿಂದ, ನಾನು ಕತ್ತರಿಸಿ ಬಿಸಾಡಿದ ಜಾಗದಿಂದ, ಹಳಿಯ ಮೇಲೆ ಡಬ್ಬಿಗಳು ದಡಕ್ ದಡಕ್ ಎಂದು ಸಾಲಾಗಿ ಹೋದವು. ಆ ಸದ್ದಿನ ಪಕ್ಕದಲ್ಲೇ ಮಂಜುಳಾ ತಮ್ಮ ಮಧ್ಯಮದಲ್ಲಿ ಅಲುಗಾಡದೆ ನಿಂತಿದ್ದರು.

ನಮ್ಮ ಊರಿನಲ್ಲಿ ಸಂಗೀತ ಕೇಳುವವರಿಗೆ ಒಂದು ಅಭ್ಯಾಸ ಬಂದಿರುತ್ತದೆ. ಆಟೋ, ಫ್ಯಾನು, ಹಿಂದಿನವರ ಕೆಮ್ಮು, ನೆತ್ತಿಯ ಮೇಲೆ ಹಾರುವ ವಿಮಾನ ಎಲ್ಲವನ್ನೂ ಕಿವಿಯಲ್ಲೇ ಸೋಸಿ, ಸ್ವರವನ್ನು ಮಾತ್ರ ಒಳಗೆ ಬಿಡುತ್ತೇವೆ. ನಾನು ಅದರಲ್ಲಿ ಪಳಗಿದವನು. ಎಷ್ಟು ಪಳಗಿದ್ದೆನೆಂದರೆ ಇಡೀ ರೈಲನ್ನೇ ಸೋಸಿ ಹೊರಗೆ ಹಾಕಿ, ಅದರ ಸ್ವರವನ್ನು ಉಳಿಸಿಕೊಂಡು, ಹಾಡುವವರ ತಲೆಗೆ ಕಟ್ಟಿದ್ದೆ.

"ನಮ್ಮನೆ ಕುಕ್ಕರ್ ಎಷ್ಟು ಸಲ ಕೂಗ್ತು ಅಂದ್ರೆ ಗೊತ್ತಾಗಲ್ಲ ಇವ್ರಿಗೆ" ಎಂದು ನನ್ನ ಹೆಂಡತಿ ಬಾಗಿಲಿನಿಂದಲೇ ಹೇಳಿದಳು. ಅವಳು ಅಷ್ಟಕ್ಕೆ ನಿಲ್ಲಿಸಿದ್ದು ನನಗೆ ಸಮಯ ಕೊಡಲಿಕ್ಕೆ ಎಂದು ಗೊತ್ತಾಯಿತು. ಮೊಬೈಲನ್ನು ಕೆಳಗಿಟ್ಟು, "ಅದನ್ನ ಬರೆದವನು ನಾನೇ" ಎಂದೆ.

ಪಿಳ್ಳಪ್ಪನವರು ಕೂಗಾಡಿದ್ದರೆ ಸುಲಭವಿತ್ತು. ಅವರು ನನ್ನ ಹೆಂಡತಿ ತಂದಿಟ್ಟ ಕಾಫಿ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ನಿಜವಾಗಿಯೂ ತಿಳಿಯದವರಂತೆ ಕೇಳಿದರು: "ಪುಸ್ತಕದಾಗೆ ಬಲು ಸೊಗಸಾಗಿತ್ತು ಅಂತ ಬರ್ದಿದ್ರಲ್ಲ ಸ್ವಾಮಿ. ಎರಡ್ರಾಗೆ ಯಾವ್ದು ನಿಮ್ದು?"

ಅವರು ಹೋದ ಮೇಲೆ ತಿದ್ದುಪಡಿ ಬರೆಯಲು ಕೂತೆ. ಮೊದಲನೆಯ ಕರಡಿನಲ್ಲಿ ತಪ್ಪು ಮೈಕಿನದು. ಎರಡನೆಯದರಲ್ಲಿ ಕಟ್ಟಡದ್ದು. ಜಗಲಿಯಲ್ಲಿ ಅಷ್ಟು ವರ್ಷ ಗಳಿಸಿದ ಹೆಸರು ಒಂದೇ ಮಧ್ಯಾಹ್ನ ಹೋಗುತ್ತದಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಆದರೆ ಅಟ್ಟದ ಮೇಲೆ ಗಂಟು ಕಟ್ಟಿಟ್ಟ ಪೆಟ್ಟಿಗೆ ಕಣ್ಣ ಮುಂದಿನಿಂದ ಸರಿಯಲಿಲ್ಲ. ಮೂರನೆಯ ಸಲ ನಾಲ್ಕೇ ಸಾಲು ಬರೆದೆ: ನಾನು ಕೇಳಿದ್ದು ರೈಲು, ಹಾಡಿದವರದ್ದು ಏನೂ ತಪ್ಪಿಲ್ಲ, ಪೂರ್ತಿ ಧ್ವನಿಮುದ್ರಣ ಕೆಳಗಿದೆ, ಕ್ಷಮಿಸಿ. ಕೆಳಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಕಿದೆ.

ಒಂದು ಗಂಟೆ ಕಳೆದು ಮೂರನೇ ಕಾಲದವರು ಬರೆದರು, ತಮಗೆ ಅವತ್ತೇ ಅದು ರೈಲು ಅನ್ನಿಸಿತ್ತಂತೆ.

ಮಂಜುಳಾ ಮಾತ್ರ ಆಗಲೂ ಹಾಡಲಿಲ್ಲ. ಹೆಬ್ಬಾಳದವರು ಮತ್ತೆ ಕರೆದರೂ ಒಪ್ಪಲಿಲ್ಲವೆಂದು ಪಿಳ್ಳಪ್ಪನವರು ತಿಳಿಸಿದರು. ಕೋಗಿಲಿಗೆ ಹೋದೆ. ಆಕೆ ನನ್ನನ್ನು ಕೂರಿಸಿ, ಎದುರಿಗೆ ಕೂತು, ಸಿಟ್ಟಿಲ್ಲದೆ ಮಾತಾಡಿದರು.

"ರೈಲು ಅಂತ ಈಗ ಗೊತ್ತಾಯ್ತು ಸಾರ್. ಆದ್ರೆ ಅದನ್ನ ಓದಿದಾಗ ನಾನೇ ಹಾಡಿರ್ಬೇಕು ಅನ್ಸ್ತು. ಅಷ್ಟು ಜನ ದೊಡ್ಡೋರು ಹೇಳ್ತಿದಾರೆ, ಸುಳ್ಳಿರುತ್ತಾ ಅಂತ. ನನ್ನ ಗಂಟಲನ್ನ ನಾನೇ ನಂಬ್ಲಿಲ್ಲ ನೋಡಿ, ಅದೇ ಇನ್ನೂ ಹೋಗಿಲ್ಲ." ಆಮೇಲೆ ಕೇಳಿದರು, "ನೀವು ಯಾವತ್ತಾದ್ರೂ ಹಾಡಿದೀರಾ ಸಾರ್?"

ಇಲ್ಲ ಎಂದೆ. ಸ್ನಾನದ ಮನೆಯಲ್ಲೂ ಇಲ್ಲ.

"ಒಂದು ಷಡ್ಜ ಹಾಡಿ ನೋಡೋಣ. ಬರೀ ಸ."

ಶ್ರುತಿ ಇಲ್ಲದೆ ಹೇಗೆ ಎಂದು ತಪ್ಪಿಸಿಕೊಳ್ಳಲು ನೋಡಿದೆ. ಪಿಳ್ಳಪ್ಪನವರು ಆಗಲೇ ಏಣಿ ಇಟ್ಟು ಅಟ್ಟ ಹತ್ತಿದ್ದರು. ತಂಬೂರಿ ಪೆಟ್ಟಿಗೆ ಕೆಳಗಿಳಿಯಿತು, ಗಂಟು ಬಿಚ್ಚಿತು. ಆಕೆ ಅದನ್ನು ಕರೆಂಟಿಗೆ ಸಿಕ್ಕಿಸಿ, ಗುಂಡಿ ತಿರುಗಿಸಿ ನನ್ನ ದನಿಗೆ ತಕ್ಕ ಶ್ರುತಿ ಹಾಕಿದರು. ಕಣ್ಣು ಮುಚ್ಚಿ 'ಸ' ಎಂದೆ. ಅದು ಹೊರಟ ಜಾಗವೇ ಬೇರೆ, ತಲುಪಿದ ಜಾಗವೇ ಬೇರೆ. ಒಂದೇ ಒಂದು ಸ್ವರವನ್ನು ಅದರ ಮನೆಯಲ್ಲಿ ನಿಲ್ಲಿಸುವುದು ಎಂಥ ಕಷ್ಟವೆಂದು ಆವರೆಗೆ ನನಗೆ ಗೊತ್ತಿರಲಿಲ್ಲ. ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು ಹೋಯಿತು. ಮಂಜುಳಾ ಬಾಯಿಗೆ ಸೆರಗು ಹಿಡಿದು ನಕ್ಕರು. ನಕ್ಕು, "ಹಂಗಲ್ಲ ಸಾರ್, ಹಿಂಗೆ" ಎಂದು ಶ್ರುತಿಯನ್ನು ತಮ್ಮ ದನಿಗೆ ಏರಿಸಿಕೊಂಡು ಷಡ್ಜ ಹಾಡಿ ತೋರಿಸಿದರು. ತೋರಿಸಿದವರು ನಿಲ್ಲಿಸಲಿಲ್ಲ. ಷಡ್ಜದಿಂದ ಗಾಂಧಾರಕ್ಕೆ, ಅಲ್ಲಿಂದ ಮಧ್ಯಮಕ್ಕೆ ಹೋದರು. ಹಿಂದೋಳ. ಬಾಗಿಲ ಬಳಿ ಪಿಳ್ಳಪ್ಪನವರು ಏಣಿ ಹಿಡಿದು ನಿಂತೇ ಇದ್ದರು, ಕೆಳಗಿಡಲು ಅವರಿಗೆ ಧೈರ್ಯವಾಗಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಜೇಬಿನಲ್ಲಿ ಮೊಬೈಲಿತ್ತು, ತೆಗೆಯಲಿಲ್ಲ.

ಆಮೇಲೆ ಆಕೆ ಹೆಬ್ಬಾಳದಲ್ಲೂ ಹಾಡಿದರು, ಬೇರೆ ಕಡೆಯೂ ಹಾಡುತ್ತಿದ್ದಾರೆ. ಗುರುವಾರ ಸಂಜೆ ಮಕ್ಕಳಿಗೆ ಪಾಠ ಹೇಳುತ್ತಾರೆ. ಹತ್ತು ವರ್ಷದ ನಾಲ್ಕು ಹುಡುಗಿಯರ ಹಿಂದೆ, ಮಂಡಿನೋವಿನ ಸಲುವಾಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ, ನಾನೂ ಕೂರುತ್ತೇನೆ. ಆ ಹುಡುಗಿಯರು ಈಗ ವರ್ಣದಲ್ಲಿದ್ದಾರೆ. ನಾನು ಇನ್ನೂ ಮೊದಲ ಪಾಠವಾದ ಸರಳೆಯಲ್ಲಿದ್ದೇನೆ. 'ನಿಮ್ಮ ಹಾಡು ಜಗಲಿಗೆ ಹಾಕಿ ಸಾರ್' ಎಂದು ಮಂಜುಳಾ ಒಂದು ವರ್ಷದಿಂದ ಹೇಳುತ್ತಿದ್ದರು, ನಾನು ಶೀತ, ಕೆಮ್ಮು ಎಂದು ಮುಂದೂಡುತ್ತಿದ್ದೆ.

ಮೊನ್ನೆ ಆ ಹಳೆಯ ಹೆಸರು ನೋಡಿದ ಮೇಲೆ ಮುಂದೂಡಲು ಮನಸ್ಸಾಗಲಿಲ್ಲ. ಸುಣ್ಣ ಬಳಿಯುವವರು ಊಟಕ್ಕೆ ಹೋದಾಗ, ಖಾಲಿ ಕೋಣೆಯಲ್ಲಿ ಕೂತು ಒಂದು ಸರಳೆ ವರಸೆಯನ್ನು ಮೂರು ಕಾಲದಲ್ಲಿ, ನಿಧಾನದಿಂದ ವೇಗಕ್ಕೆ, ಹಾಡಿ, ಎಲ್ಲೂ ಕತ್ತರಿಸದೆ, ಸ್ವಂತ ಹೆಸರಿನಲ್ಲಿ ಏರಿಸಿದೆ. ಹಾಡಿದವರು ಕಾಯುವುದು ಹೀಗೆ ಎಂದು ಅರವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು. ನಾಲ್ಕು ಸಲ ತೆಗೆದು ನೋಡಿದೆ, ಏನೂ ಇರಲಿಲ್ಲ. ಐದನೆಯ ಸಲ ಒಂದು ಪ್ರತಿಕ್ರಿಯೆ ಇತ್ತು. ಹೋದ ವರ್ಷ ಜಗಲಿ ಸೇರಿದ ಪಿಳ್ಳಪ್ಪನವರದು.

"ಪೂರ್ತಿ ಕೇಳ್ದೆ. ರೈಲಿಲ್ಲ. ತಪ್ಪೆಲ್ಲ ನಿಮ್ದೇಯ."

ಜಗಲಿಯಲ್ಲಿ ಇಷ್ಟು ನ್ಯಾಯವಾದ ವಿಮರ್ಶೆಯನ್ನು ನಾನು ಈವರೆಗೆ ಓದಿರಲಿಲ್ಲ.