ಅಜಾನ್ ಪಯೋಮ್ ಅವರ ನಲವತ್ತು ಸೆಕೆಂಡು

ಅಜಾನ್ ಪಯೋಮ್ ಪ್ರಶ್ನೆ ಕೇಳಿದರೆಂದರೆ ಉತ್ತರ ಬರುವ ತನಕ ಕಾಯುತ್ತಿದ್ದರು. ಅಜಾನ್ ಎಂದರೆ ನಮ್ಮಲ್ಲಿ ಗುರು. ಥಾಯ್ಲೆಂಡಿನ ರೋಯೆಟ್ ಸೀಮೆಯ ನಮ್ಮ ಸಣ್ಣ ವಿಶ್ವವಿದ್ಯಾಲಯದಲ್ಲಿ ಮೂವತ್ತೊಂದು ವರ್ಷ ಮಣ್ಣಿನ ಪಾಠ ಹೇಳಿದ ಹೆಂಗಸು. ನಮ್ಮ ಕಡೆಯ ವಿದ್ಯಾರ್ಥಿಗಳು ತರಗತಿಯಲ್ಲಿ ಬಾಯಿ ಬಿಡುವವರಲ್ಲ. ಗೊತ್ತಿದ್ದರೂ ತಲೆ ತಗ್ಗಿಸಿ ಕೂರುತ್ತಾರೆ. ಬೇರೆ ಅಜಾನ್‌ಗಳು ತಾವೇ ಪ್ರಶ್ನೆ ಕೇಳಿ, ತಾವೇ ಉತ್ತರ ಹೇಳಿ, ಪುಟ ತಿರುಗಿಸುತ್ತಿದ್ದರು. ಈಕೆ ಮಾತ್ರ ಎಲ್ಲರ ಕೈಗೂ ಒಂದೊಂದು ಒದ್ದೆ ಮಣ್ಣಿನ ಉಂಡೆ ಕೊಟ್ಟು, "ಏನು ಹೇಳ್ತಿದೆ ಇದು?" ಎಂದು ಕೇಳಿ ಮೇಜಿಗೆ ಒರಗಿ ನಿಂತುಬಿಡುತ್ತಿದ್ದರು. ಕೊನೆಗೆ ಯಾರೋ ಒಬ್ಬರು ಮೂಲೆಯಿಂದ ಗೊಣಗಿದರೆ ಮುಖ ಅರಳಿಸಿ, "ಹ್ಞಾ, ಅದೇ!" ಎನ್ನುತ್ತಿದ್ದರು.

ನಾನು ಅಲ್ಲಿ ವಿಡಿಯೊ ಕೆಲಸದವನು. ಹೆಸರು ಟೂನ್. ಮಣ್ಣು ಎಂದರೆ ನನ್ನ ಮಟ್ಟಿಗೆ ಕ್ಯಾಮೆರಾ ಸ್ಟ್ಯಾಂಡಿಗೆ ಅಂಟುವ ಪೀಡೆ, ಅಷ್ಟೇ. ತಾಳ್ಮೆ ನನ್ನ ಜಾತಕದಲ್ಲೇ ಇಲ್ಲ.

ಆ ವರ್ಷ ಬ್ಯಾಂಕಾಕಿನಿಂದ ಉನ್ನತ ಶಿಕ್ಷಣದಲ್ಲಿ ತಂತ್ರಜ್ಞಾನ ಬಳಸುವ ರಾಷ್ಟ್ರೀಯ ಕಾರ್ಯತಂತ್ರ ಬಂತು. ತಲೆದಿಂಬಿನಷ್ಟು ದಪ್ಪ. ಅದರ ಸಾರ ಇಷ್ಟು: ಎಲ್ಲ ಪಾಠಗಳನ್ನೂ ವಿಡಿಯೊ ಮಾಡಿ, ಒಳ್ಳೆಯವು ರಾಷ್ಟ್ರೀಯ ಪಟ್ಟಿಗೆ ಸೇರುತ್ತವೆ, ದೇಶದ ಯಾವ ಮೂಲೆಯಲ್ಲಿದ್ದವರೂ ಕಲಿಯಬಹುದು. ಅಜಾನ್ ಪಯೋಮ್ ಅವರಿಗೆ ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಅವರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುವುದಿಲ್ಲ ಎಂದು ಡೀನ್ ಮೊದಲೇ ಹೇಳಿಯಾಗಿತ್ತು. ಪಟ್ಟಿಗೆ ಸೇರಿದರೆ ಮಾತ್ರ ಅವರ ಮಣ್ಣಿನ ಪಾಠ ಅವರ ನಂತರವೂ ದೇಶದ ತುಂಬ ಓಡಾಡಿಕೊಂಡಿರುತ್ತಿತ್ತು.

ಖಾಲಿ ಕೋಣೆಯಲ್ಲಿ ಚಿತ್ರೀಕರಣ. ಮೊದಲ ದಿನವೇ ಅವರು ಕ್ಯಾಮೆರಾದ ಮುಂದೆ ಮಣ್ಣು ಹಿಸುಕಿ, "ಏನು ಹೇಳ್ತಿದೆ ಇದು?" ಎಂದು ಕೇಳಿ ಸುಮ್ಮನಾದರು. ಹತ್ತು ಸೆಕೆಂಡು. ಇಪ್ಪತ್ತು. ಮಾತು ಮರೆತರೇನೋ ಅಂದುಕೊಂಡೆ. ನಲವತ್ತಕ್ಕೆ ತಲೆಯಾಡಿಸಿ, "ಹ್ಞಾ, ಅದೇ!" ಎಂದರು.

"ಯಾರಿಗೆ ಹೇಳಿದ್ರಿ ಅಜಾನ್? ಇಲ್ಲಿ ನಾನು, ಫ್ಯಾನು, ಇಬ್ಬರೇ ಇರೋದು."

"ಉತ್ತರ ಹೇಳಿದವರಿಗೆ."

"ಯಾರೂ ಹೇಳ್ಲಿಲ್ಲವಲ್ಲ!"

"ನಿನಗೆ ಕೇಳಿಸ್ಲಿಲ್ಲ," ಎಂದು ಕೈ ತೊಳೆಯಲು ಹೋದರು.

ಅಂಥ ಮೌನ ಪ್ರತಿ ಪಾಠದಲ್ಲೂ ಐದಾರು ಇದ್ದವು. ಮೊದಲ ಮೂರು ಪಾಠಗಳನ್ನು ಹಾಗೇ ನಮ್ಮ ವಿಶ್ವವಿದ್ಯಾಲಯದ ಜಾಲತಾಣಕ್ಕೆ ಹಾಕಿದೆ. ಆಮೇಲೆ ರಾಷ್ಟ್ರೀಯ ಪಟ್ಟಿಗೆ ಪಾಠ ಆರಿಸುವ ಸಮಿತಿಯ ನಿಯಮ ಕೈಸೇರಿತು: ಮೂರು ಸೆಕೆಂಡಿಗಿಂತ ಉದ್ದದ ಮೌನ ಇರಕೂಡದು. ಅಜಾನ್‌ಗೆ ಹೇಳಿದರೆ ಒಪ್ಪುವುದಿಲ್ಲ ಎಂದು ಗೊತ್ತಿತ್ತು. ತಮ್ಮ ಮುಖ ತಾವೇ ನೋಡಿಕೊಳ್ಳಲು ನಾಚಿಕೆಪಟ್ಟು ಅವರು ಒಂದು ವಿಡಿಯೊವನ್ನೂ ತೆರೆಯುತ್ತಿರಲಿಲ್ಲ ಎಂಬುದೂ ಗೊತ್ತಿತ್ತು. ನಾಲ್ಕನೆಯ ಪಾಠದಿಂದ ಮೌನಗಳನ್ನೆಲ್ಲ ಕತ್ತರಿಸಿದೆ. ಪಾಠ ಚುರುಕಾಯಿತು. ಸಮಿತಿ ಮೆಚ್ಚಿ, ಪಟ್ಟಿಗೆ ಸೇರಿಸುತ್ತೇವೆಂದು ಬರೆಯಿತು. ಅಜಾನ್ ನನಗೊಂದು ಬುಟ್ಟಿ ಅಂಟಕ್ಕಿ ಅನ್ನ, ಸುಟ್ಟ ಕೋಳಿ ತಂದುಕೊಟ್ಟರು. ನಾಚಿಕೆಯಿಲ್ಲದೆ ಚಪ್ಪರಿಸಿ ತಿಂದೆ.

ಗುರುವಾರ ಗುರುವಂದನೆ ಬಂತು. ಫೋನಿನಲ್ಲೇ ಓದುವವರೂ ಬರಲಿ ಎಂದು ಆ ವರ್ಷ ಕರೆದಿದ್ದರು. ತಟ್ಟೆಯಲ್ಲಿ ಗರಿಕೆ, ಬದನೆ ಹೂವು, ಕೇಪಳ ಹೂವು ಇಟ್ಟುಕೊಂಡು ಎಲ್ಲರೂ ಮಂಡಿಯೂರಿ ಬಂದರು. ಅವರಲ್ಲಿ ಬುವಾಲೈ ಎಂಬ ನಲವತ್ತಾರರ ರೈತ ಹೆಂಗಸೂ ಇದ್ದಳು. ಮರಗೆಣಸಿನ ಹೊಲದಲ್ಲಿ ಕೂತು ಫೋನು ನೋಡಿ ಓದುವವಳು. ಗಾಡಿ ಎರಡು ಬದಲಾಯಿಸಿ ಬಂದಿದ್ದಳು. ತಟ್ಟೆ ಕೊಟ್ಟವಳು ಏಳಲಿಲ್ಲ.

"ಅಜಾನ್, ನನ್ನ ಮೇಲೆ ಬೇಜಾರಾ?"

"ನಿನ್ನ ಮೇಲೆ ಯಾಕಮ್ಮಾ ಬೇಜಾರು?"

"ಮೊದಲು ಮೂರು ಪಾಠದಲ್ಲಿ ನೀವು ಕಾಯ್ತಿದ್ರಿ. ನಾನು ಮಣ್ಣು ಕಲಸಿ, ಹಿಸುಕಿ, ಉತ್ತರ ಹೇಳ್ತಿದ್ದೆ. ಗಟ್ಟಿಯಾಗೇ ಹೇಳ್ತಿದ್ದೆ, ಪಕ್ಕದ ಹೊಲದೋರು ನಗ್ತಿದ್ರು. ನೀವು 'ಅದೇ!' ಅಂತಿದ್ರಿ. ಈಗ ನನ್ನ ಕೈ ಒದ್ದೆ ಆಗೋದ್ರೊಳಗೆ ಮುಂದಕ್ಕೆ ಹೋಗ್ಬಿಡ್ತೀರ. ಇಷ್ಟು ವಯಸ್ಸಾದ ಮೇಲೆ ಓದೋಕೆ ಬಂದವಳು, ನಿಧಾನ ಆಯ್ತೇನೋ ಅಂತ..."

ಅಜಾನ್ ಏನೂ ತಿಳಿಯದೆ ಅವಳ ತಲೆ ಸವರಿದರು. ಕಂಬದ ಪಕ್ಕ ಕ್ಯಾಮೆರಾ ಹಿಡಿದು ನಿಂತಿದ್ದ ನನಗೆ ಸುಟ್ಟ ಕೋಳಿ ನೆನಪಾಗಿ ಭೂಮಿಗೆ ಇಳಿದುಹೋದಂತಾಯಿತು.

ಎಲ್ಲರೂ ಊಟಕ್ಕೆ ಹೋದ ಮೇಲೆ ಅವರ ಕೋಣೆಗೆ ಹೋಗಿ ಒಪ್ಪಿಕೊಂಡೆ. "ಕತ್ತರಿಸಿದ್ದು ನಾನು, ಅಜಾನ್. ನಿಮ್ಮ ಪಾಠ ಉಳೀಲಿ ಅಂತ. ಮತ್ತೆ ಸೇರಿಸಿದ್ರೆ ಪಟ್ಟಿಯಿಂದ ತೆಗೆದುಬಿಡ್ತಾರೆ."

ಬಯ್ಯುತ್ತಾರೆಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬದನೆ ಹೂವನ್ನು ಬೆರಳಲ್ಲಿ ತಿರುಗಿಸುತ್ತ, "ಈಗ ಏನು ಮಾಡೋಣ, ಟೂನ್?" ಎಂದು ಕೇಳಿ, ಮೇಜಿಗೆ ಒರಗಿದರು.

ಸೆಕೆಂಡು ಎಣಿಸುವ ನನ್ನ ಕಸುಬು ಬಿಡುವುದೇ? ಮನಸ್ಸಿನೊಳಗೇ ಎಣಿಸತೊಡಗಿದೆ. ಹತ್ತಕ್ಕೆ ನೆಪ ಹುಡುಕಿದೆ. ಇಪ್ಪತ್ತಕ್ಕೆ ನೆಪ ಮುಗಿಯಿತು. ಮೂವತ್ತರಲ್ಲಿ ಎಣಿಕೆ ತಪ್ಪಿತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಅವಸರವಿಲ್ಲದೆ, ಉತ್ತರ ನನ್ನ ಬಳಿ ಇದ್ದೇ ಇದೆ ಎಂಬ ನಂಬಿಕೆಯಲ್ಲಿ. ನನ್ನನ್ನು ಅಷ್ಟು ಹೊತ್ತು ಯಾರೂ ನಂಬಿರಲಿಲ್ಲ.

"ವಾಪಸ್ ಸೇರಿಸ್ತೀನಿ," ಎಂದೆ.

"ಹ್ಞಾ, ಅದೇ."

ಸೇರಿಸಿದೆ. ಎರಡೇ ವಾರದಲ್ಲಿ ಸಮಿತಿ ಪಾಠವನ್ನು ಕೈಬಿಟ್ಟಿತು. ನಾನು ಉದ್ದದ ಪತ್ರ ಬರೆದೆ. ನಿಯಮದ ಸಂಖ್ಯೆಯಷ್ಟೇ ಉತ್ತರವಾಗಿ ಬಂತು. ಅಜಾನ್ ಅದನ್ನು ಎರಡು ಸಲ ಓದಿ, ಮಡಿಸಿ, ಮಣ್ಣಿನ ಡಬ್ಬಿಯ ಕೆಳಗೆ ಇಟ್ಟರು. ಅವರಿಗೆ ನೋವಾಗಲಿಲ್ಲವೆಂದು ನಾನು ಹೇಳಲಾರೆ. ಆ ದಿನ ತಮ್ಮ ಛತ್ರಿಯನ್ನೇ ಮರೆತು ಮನೆಗೆ ಹೋದರು.

ಅವರು ನಿವೃತ್ತರಾಗಿ ವರ್ಷವಾಯಿತು. ಅವರ ಪಾಠ ನಮ್ಮ ತಾಣದಲ್ಲಿ ಮಾತ್ರ ಇದೆ. ಕೇಳುವವರು ಈ ಸಲ ಹತ್ತೊಂಬತ್ತು ಜನ, ಎಲ್ಲ ಸುತ್ತಲ ಊರುಗಳವರು. ಇಷ್ಟು ಕಡಿಮೆ ಜನರಿಗಾದರೆ ಪಾಠವನ್ನೇ ಮುಚ್ಚುತ್ತೇನೆಂದು ಡೀನ್ ಆಗಾಗ ಗುರುಗುಟ್ಟುತ್ತಾರೆ, ಇನ್ನೂ ಮುಚ್ಚಿಲ್ಲ.

ಮೊನ್ನೆ ಮಧ್ಯಾಹ್ನ ಅಂಗಳದಿಂದ ಹಿಡಿ ಮಣ್ಣು ತಂದು, ನೀರು ಹನಿಸಿ, ನಾಲ್ಕನೆಯ ಪಾಠ ಹಾಕಿಕೊಂಡು ಕೂತೆ. "ಏನು ಹೇಳ್ತಿದೆ ಇದು?" ಎಂದು ಕೇಳಿ ಅವರು ಸುಮ್ಮನಾದರು. ಪಾಠದಲ್ಲಿ ಹೇಳಿದಂತೆ ಹೆಬ್ಬೆರಳಿನಿಂದ ಮಣ್ಣನ್ನು ತೆಳು ಪಟ್ಟಿಯಾಗಿ ಒತ್ತಿದೆ. ಉಗುರಿನಷ್ಟು ಬರುವುದರೊಳಗೆ ಮುರಿಯಿತು. ಮತ್ತೆ ಒತ್ತಿದೆ, ಮತ್ತೆ ಮುರಿಯಿತು. ಅವರು ಕಾಯುತ್ತಲೇ ಇದ್ದರು.

"ಮರಳು ಜಾಸ್ತಿ, ಅಜಾನ್," ಎಂದೆ, ಗಟ್ಟಿಯಾಗಿ.

ಅವರ ಮುಖ ಅರಳಿತು. "ಹ್ಞಾ, ಅದೇ!"