ಕ್ಯಾಸಂಬಳ್ಳಿಯಿಂದ ಗುಜರಿ ಅಂಗಡಿಯವರೆಗೆ

ಸೋಮವಾರ ಬೆಳಗ್ಗೆ ಏಳಕ್ಕೆ ಕ್ಯಾಸಂಬಳ್ಳಿ ಬಿಟ್ಟೆವು. ನಾನು, ನನ್ನ ಹೆಂಡತಿ ರತ್ನ, ಇಪ್ಪತ್ತೆಂಟು ವರ್ಷ ವಯಸ್ಸಿನ ನನ್ನ ಬಿಳಿ ಕಾರು. ಬಂಗಾರಪೇಟೆಗೆ ಬಸ್ಸಿನಲ್ಲಾದರೆ ಒಂದೂವರೆ ಗಂಟೆಯ ದಾರಿ. ನಾವು ಮುಟ್ಟಿದಾಗ ಮಧ್ಯಾಹ್ನ ಎರಡಾಗಿತ್ತು.

ಅಲ್ಲಿ ಇದ್ದ ಕೆಲಸ ಒಂದೇ, ಕಾರನ್ನು ಗುಜರಿ ಅಂಗಡಿಯ ಖಾದರ್ ಸಾಬರಿಗೆ ಒಪ್ಪಿಸಿ ಬರುವುದು. ಆಯುಧಪೂಜೆ ಆದಾಗಿನಿಂದ ಅದು ತೊದಲುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಗಕ್ ಗಕ್ ಎಂದು ಹಿಂದಕ್ಕೆ ಎಳೆಯುವುದು, ಆಮೇಲೆ ಸೈಲೆನ್ಸರಿನಲ್ಲಿ ಢಂ ಎಂದು ಪಟಾಕಿ. ಆ ಸದ್ದಿಗೆ ಪಕ್ಕದ ಮನೆಯ ಹಸು ಎರಡು ಸಲ ಹಗ್ಗ ಕಿತ್ತುಕೊಂಡು ಓಡಿತ್ತು. ಹಿಂದಿನ ವಾರ ರಸ್ತೆ ದಾಟುವಾಗ ನಡುಮಧ್ಯೆ ನಿಂತೇಬಿಟ್ಟಿತು, ಎದುರಿಗೆ ಲಾರಿ. ಲಾರಿಯವನು ಬ್ರೇಕ್ ಹಾಕದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಮನೆಗೆ ಬಂದ ಮೇಲೆ ರತ್ನ ಹೇಳಿದಳು, "ಮಾವ, ಇನ್ನು ಸಾಕು. ಅದನ್ನ ಕೊಟ್ಬಿಡು." ಅವಳು ನನ್ನ ಅಕ್ಕನ ಮಗಳೇ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಮಾವ ಎಂದೇ ಕರೆಯುತ್ತಾಳೆ.

ನಾನು ಗಾರೆ ಮೇಸ್ತ್ರಿ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕರಣೆ ಹಿಡಿದವನು. ಕಟ್ಟಿದ ಗೋಡೆ ಯಾಕೆ ಬಿರುಕು ಬಿಟ್ಟಿತು ಅಂತ ಹೇಳಲಾಗದವನನ್ನು ನಾನು ಮೇಸ್ತ್ರಿ ಅನ್ನುವುದಿಲ್ಲ. ನನ್ನ ದುಡಿಮೆಯ ಕಾರು ಯಾಕೆ ಕೆಟ್ಟಿತು ಅಂತ ತಿಳಿಯದೆ ಹೇಗೆ ಕೊಟ್ಟುಬಿಡಲಿ? ಅದಕ್ಕೇ ರತ್ನನಿಗೆ ಒಂದು ಮಾತು ಹೇಳಿದೆ. ದಾರಿಯಲ್ಲಿ ಕಾಯಿಲೆ ಸಿಕ್ಕಿದರೆ ಕಾರು ಮನೆಗೆ, ಸಿಗದಿದ್ದರೆ ಗುಜರಿಗೆ. ಅವಳು ಕೂಡಲೇ ಒಪ್ಪಿದಳು. ಸಿಗುವುದಿಲ್ಲ ಅನ್ನುವ ನಂಬಿಕೆ ಅವಳಿಗೆ.

ಕಣ್ಣು ಬಿದ್ದಿದೆ ಅಂತ ನಾನು ತಿಳಿದಿದ್ದೆ. ಹಬ್ಬದ ದಿನ ಹೂವು ಬಾಳೆಕಂಬ ಕಟ್ಟಿ ಕಾರನ್ನು ಮದುಮಗನ ಹಾಗೆ ನಿಲ್ಲಿಸಿದ್ದೆ, ಯಾರೋ ಹೊಟ್ಟೆಯುರಿಯಿಂದ ನೋಡಿರಬೇಕು. ಆಮೇಲೆ ಪ್ರತಿ ಶುಕ್ರವಾರ ನಿಂಬೆಹಣ್ಣು ಕೊಯ್ದು, ಬಾನೆಟ್ಟು ಎತ್ತಿ, ಎಂಜಿನ್ನಿನ ಒಂದೊಂದು ಭಾಗಕ್ಕೂ ವಿಭೂತಿ ಕಲಸಿ ಮೂರು ಪಟ್ಟೆ ಬಳಿದು ಕುಂಕುಮ ಇಡುತ್ತಿದ್ದೆ. ಹೊರಡುವ ಮುಂಚೆ ಅಂದೂ ಇಟ್ಟೆ.

ಮಂಜು ದಟ್ಟವಾಗಿತ್ತು, ರಾಗಿ ಹೊಲ ಅರ್ಧವೇ ಕಾಣುತ್ತಿತ್ತು. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಮೊದಲ ಪಟಾಕಿ. ಕಾರು ಪಕ್ಕಕ್ಕೆ ಹಾಕಿ ಪೆಟ್ರೋಲಿನಿಂದ ಶುರು ಮಾಡಿದೆ. ಫಿಲ್ಟರ್ ಬಿಚ್ಚಿ ನೋಡಿದೆ, ಕಸವಿಲ್ಲ. ಕಾರ್ಬುರೇಟರಿನ ಸಣ್ಣ ತೂತುಗಳನ್ನು ಬಾಯಿಂದ ಊದಿದೆ. ಬಾಯೆಲ್ಲ ಪೆಟ್ರೋಲ್ ವಾಸನೆಯಾಯಿತೇ ಹೊರತು ತೊದಲು ನಿಲ್ಲಲಿಲ್ಲ.

ಆಂಡರ್ಸನ್‌ಪೇಟೆ ಮುಟ್ಟಿದಾಗ ಒಂಬತ್ತೂವರೆ. ಹೋಟೆಲಿನ ಮುಂದೆ ನಿಲ್ಲಿಸಿ ಇಡ್ಲಿ ತಿಂದೆವು, ಚಟ್ನಿಗೆ ಖಾರ ಜಾಸ್ತಿ. ರತ್ನ ಕಾಫಿ ಕುಡಿಯುವಷ್ಟರಲ್ಲಿ ನಾಲ್ಕು ಪ್ಲಗ್ಗೂ ಬಿಚ್ಚಿ ಉಜ್ಜಿ, ಗರಗಸದ ಬ್ಲೇಡು ಇಟ್ಟು ಸಂದು ಸರಿಮಾಡಿದೆ. ಸ್ಟಾರ್ಟ್ ಮಾಡಿದರೆ ಮತ್ತೆ ಢಂ. ಸ್ಟ್ಯಾಂಡಿನ ಆಟೋದವನೊಬ್ಬ ಕೂಗಿದ.

"ಏನ್ ಮೇಸ್ತ್ರಿ, ದೀಪಾವಳಿ ಇನ್ನೂ ಮುಗೀಲಿಲ್ವಾ?"

"ನಮ್ಮನೇಲಿ ದಿನಾ ದೀಪಾವಳಿನೇ ಕಣಪ್ಪ," ಎಂದಳು ರತ್ನ, ನನ್ನ ಕಡೆ ನೋಡದೆ.

ಕೈಗೆ ಒಣ ಬಟ್ಟೆ ದಪ್ಪಗೆ ಸುತ್ತಿಕೊಂಡು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಯಾವುದನ್ನು ತೆಗೆದರೆ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಅಲ್ಲಿ ಕಾಯಿಲೆ. ಮೊದಲು ಎರಡನೆಯದು ಅನ್ನಿಸಿತು, ಮತ್ತೊಮ್ಮೆ ನೋಡಿದರೆ ಮೂರನೆಯದು. ಕಾಯಿಲೆ ಒಂದು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಪ್ಲಗ್ಗಿನ ತಪ್ಪಲ್ಲ, ಪೆಟ್ರೋಲಿನದೂ ಅಲ್ಲ ಎಂಬಷ್ಟು ಗೊತ್ತಾಯಿತು. ಅಷ್ಟಕ್ಕೇ ಕಾರನ್ನು ಮನೆಗೆ ಒಯ್ಯಲು ರತ್ನ ಬಿಡುವವಳಲ್ಲ.

ಕೋರಮಂಡಲ್‌ನಲ್ಲಿ ಚಿನ್ನದ ಗಣಿ ಕೆಲಸಗಾರರ ಲೈನ್ ಮನೆಗಳ ಮುಂದೆ ಕಾರು ಪೂರಾ ನಿಂತಿತು. ನಾನು ಬಾನೆಟ್ಟು ಎತ್ತಿ ಒಳಗೆ ತಲೆ ಹಾಕಿದೆ. ಎದುರು ಮನೆಯ ಜಗಲಿಯಿಂದ ಲುಂಗಿಯುಟ್ಟ ಮುದುಕರೊಬ್ಬರು ಬಹಳ ಹೊತ್ತು ನೋಡಿ, ಎದ್ದು ಬಂದರು. ಹೆಸರು ಸೆಲ್ವಂ, ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು.

"ನಾನೇ ನೋಡ್ಕೊತೀನಿ ಅಣ್ಣ," ಎಂದೆ.

"ನೋಡ್ಕೋಪ್ಪಾ, ಯಾರು ಬೇಡ ಅಂದ್ರು? ಆದ್ರೆ ಕರೆಂಟು ಕಳ್ಳ, ತಂಬಿ. ಕಳ್ಳನ್ನ ಬೆಳಕಲ್ಲಿ ಹುಡುಕಿದ್ರೆ ಸಿಗ್ತಾನಾ? ಕತ್ತಲಲ್ಲಿ ನೋಡ್ಬೇಕು."

"ಈಗಿನ್ನೂ ಹನ್ನೊಂದು ಗಂಟೆ. ಕತ್ತಲನ್ನ ಎಲ್ಲಿಂದ ತರಾನ?"

"ಹಗಲು ಹೊತ್ತಲ್ಲೇ ಕತ್ತಲಲ್ಲಿದ್ದು ಸಂಬಳ ತಗೊಂಡವನು ನಾನು. ಕಂಬಳಿ ಇದ್ಯಾ?"

ಹಿಂದಿನ ಸೀಟಿಗೆ ಹಾಸಿದ್ದ ಕರಿ ಕಂಬಳಿ ತಂದೆ. ಹತ್ತು ಸಲ ಕೀ ತಿರುಗಿಸಿದ ಮೇಲೆ ಎಂಜಿನ್ ಹತ್ತಿಕೊಂಡಿತು. ರತ್ನನನ್ನು ಸ್ಟೇರಿಂಗ್ ಮುಂದೆ ಕೂರಿಸಿ ಕಾಲು ಎಲ್ಲಿಡಬೇಕೆಂದು ತೋರಿಸಿದೆ. ಬಾನೆಟ್ಟಿನ ಮೇಲಿಂದ ಕಂಬಳಿ ಇಳಿಬಿಟ್ಟು ನಾವಿಬ್ಬರೂ ಒಳಗೆ ಬಗ್ಗಿದೆವು. "ಕೈ ಎರಡೂ ಬೆನ್ನಿಂದೆ," ಎಂದರು ಸೆಲ್ವಂ, "ಮುಂದೆ ಫ್ಯಾನ್ ತಿರುಗ್ತಾ ಇದೆ." ಮೊದಲು ಏನೂ ಕಾಣಲಿಲ್ಲ. ಶಾಖ, ಎಣ್ಣೆ ವಾಸನೆ, ಪಕ್ಕದಲ್ಲಿ ಅವರ ಬೀಡಿ ಉಸಿರು.

"ಅಮ್ಮಾ, ಕೊಂಚ ಒತ್ತು!"

ಆಗ ಕಂಡಿತು. ನಾಲ್ಕು ಪ್ಲಗ್ಗಿಗೂ ಸರದಿಯ ಮೇಲೆ ಕರೆಂಟು ಹಂಚುವ ಕಪ್ಪು ಮುಚ್ಚಳದ ಮೇಲೆ, ಕೂದಲೆಳೆಯಷ್ಟು ಸಣ್ಣ ನೀಲಿ ಕಿಡಿ ಒಂದು ವೈರಿನ ಬುಡದಿಂದ ಇನ್ನೊಂದರ ಬುಡಕ್ಕೆ ಹರಿದಾಡುತ್ತಿತ್ತು. ದಾರಿ ತಪ್ಪದೆ ನಾನು ಬಳಿದ ವಿಭೂತಿ ಪಟ್ಟೆಯ ಮೇಲೇ ಓಡುತ್ತಿತ್ತು. ಅದು ಹರಿದಾಗೆಲ್ಲ ಎಂಜಿನ್ ಗಕ್ಕೆನ್ನುತ್ತಿತ್ತು, ಹಿಂದೆ ಢಂ.

ಎಂಜಿನ್ ನಿಲ್ಲಿಸಿ ಮುಚ್ಚಳ ಒರೆಸಿದೆವು. ವಿಭೂತಿಯ ಅಡಿಯಲ್ಲಿ, ಆಯುಧಪೂಜೆಯ ದಿನ ನಾನು ಹಚ್ಚಿದ್ದ ಗಂಧ ಕುಂಕುಮ ಸುಟ್ಟು ಕರಿ ಗೆರೆಯಾಗಿ ಕೂತಿತ್ತು. "ಮಂಜಿಗೆ ವಿಭೂತಿ ಒದ್ದೆಯಾಗ್ತದೆ, ಅದರ ಮೇಲೆ ಕರೆಂಟು ನಡೀತದೆ," ಎಂದರು ಸೆಲ್ವಂ. "ಈ ಮನೆಗೆ ಹೋಗ್ಬೇಕಾದ ಬೆಂಕಿ ಪಕ್ಕದ ಮನೆಗೆ ಹೋದ್ರೆ ಪಟಾಕಿ ಹೊಡೀದೆ ಇರ್ತದಾ?" ಆಮೇಲೆ ರತ್ನನ ಕಡೆ ತಿರುಗಿದರು. "ಏನಮ್ಮಾ, ಭಕ್ತಿ ಇರ್ಲಿ, ಬೇಡ ಅನ್ನಲ್ಲ. ಎಂಜಿನ್‌ಗೆ ಹಿಂಗಾ ಬಳಿಯೋದು? ಪಾಪ, ಗಂಡ ಬೆಳಗಿಂದ ಸಾಯ್ತಾ ಇದಾನೆ."

ರತ್ನ ನನ್ನನ್ನು ನೋಡಿದಳು. ನಾನು ಬ್ಲೇಡಿನಿಂದ ಕರಿ ಗೆರೆ ಕೆರೆಯುತ್ತಿದ್ದೆ. ತಲೆ ಎತ್ತದೆ ಕೆರೆಯುತ್ತಲೇ ಇದ್ದೆ.

ಅವಳು ಬುತ್ತಿಯ ಡಬ್ಬಿಯಿಂದ ಅರ್ಧ ಚಿತ್ರಾನ್ನ ತೆಗೆದು, ಬೈದವರಿಗೇ ಕೊಟ್ಟಳು. "ಈ ಮುಚ್ಚಳ ಬಂಗಾರಪೇಟೆವರೆಗೆ ಸಾಕು, ಅಲ್ಲಿ ಬೇರೆ ಹಾಕ್ಸು," ಎಂದು ಸೆಲ್ವಂ ನಮ್ಮನ್ನು ಕಳಿಸಿಕೊಟ್ಟರು.

ಅಲ್ಲಿಂದ ಹೊರಟಾಗ ಒಂದು ಗಂಟೆ ದಾಟಿತ್ತು. ಕಾರು ಓಡಿದ ಓಟ ನೋಡಿ ನಾನು ಹಾಡಬೇಕಿತ್ತು. ಒಂದು ಢಂ ಇಲ್ಲ, ಎಲ್ಲೋ ಒಂದೆರಡು ಸಲ ಕೆಮ್ಮಿತು ಅಷ್ಟೆ. ಆದರೆ ರತ್ನ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ಏನಾದರೂ ಬೈದಿದ್ದರೆ ಚೆನ್ನಾಗಿತ್ತು.

ಖಾದರ್ ಸಾಬರು ಗೇಟು ತೆರೆದು, "ತಂದ್ರಾ? ಆ ಮೂಲೇಲಿ ನಿಲ್ಸಿ," ಎಂದರು.

"ಕೊಡಾಕೆ ಬಂದಿಲ್ಲ ಸಾಬ್ರೇ, ತಗೊಂಡೋಗಾಕೆ ಬಂದಿದೀನಿ."

ಇದೇ ಜಾತಿಯ ಸತ್ತ ಕಾರುಗಳು ಅಲ್ಲಿ ಮೂರಿದ್ದವು. ಎರಡರ ಮುಚ್ಚಳ ಒಡೆದಿತ್ತು, ಮೂರನೆಯದರದು ಗಟ್ಟಿಯಾಗಿತ್ತು. ಸರದಿ ತಪ್ಪದ ಹಾಗೆ ವೈರುಗಳನ್ನು ಒಂದೊಂದಾಗಿ ಹಳೆಯದರಿಂದ ಹೊಸದಕ್ಕೆ ಬದಲಾಯಿಸಿದೆ. ಎಂಜಿನ್ ಹೊಲಿಗೆ ಮಿಷಿನ್ ಹಾಗೆ ಓಡಿತು. ಏನಾಗಿತ್ತು ಎಂದು ಕೇಳಿದರು ಸಾಬರು. ವಿಭೂತಿ ಬಳಿದದ್ದು ಜಾಸ್ತಿಯಾಗಿತ್ತು ಎಂದೆ.

"ಎಣ್ಮಕ್ಕಳು ಅಂಗೇ ಬಿಡಿ," ಎಂದು ಅವರು ನಕ್ಕರು.

ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. "ಅವಳಲ್ಲ ಸಾಬ್ರೇ. ನಾನೇ ಬಳಿದಿದ್ದು. ವಾರವಾರ."

ಸಾಬರ ನಗು ನಿಂತಿತು. "ಅಂಗಾದ್ರೆ ಕಾರಿಗೆ ಬಿದ್ದಿದ್ದು ನಿಮ್ಮ ಕಣ್ಣೇ," ಎಂದರು.

ಸ್ಟೇಷನ್ ರಸ್ತೆಯಲ್ಲಿ ಪಾನಿಪುರಿ ತಿಂದೆವು. ಬಂಗಾರಪೇಟೆ ಪಾನಿ ನೋಡಲು ಬಾವಿ ನೀರಿನ ಹಾಗೆ ತಿಳಿ, ಗಂಟಲಿಗಿಳಿದರೆ ಬೆಂಕಿ. ಮೂರನೇ ಪೂರಿ ನುಂಗಿ ಕಣ್ಣೊರೆಸಿಕೊಂಡು ರತ್ನ ಕೊನೆಗೂ ಬಾಯಿ ಬಿಟ್ಟಳು. "ಸಾಬ್ರ ಮುಂದೆ ನಿಜ ಏಳಿದ್ದು ಸರಿ. ಆ ಅಣ್ಣನ ಮುಂದೆ ನಾನು ಕಳ್ಳಿ ತರ ನಿಂತಿದ್ನಲ್ಲ ಮಾವ?"

ವಾಪಸು ಬರುವಾಗ ಬಿಸಿಲು ಇಳಿದು, ಗಣಿಯ ಮಣ್ಣು ಸುರಿದು ಎದ್ದ ಸೈನೈಡ್ ಗುಡ್ಡಗಳ ನೆರಳು ರಸ್ತೆಗೆ ಬಿದ್ದಿತ್ತು. ಕೋರಮಂಡಲ್‌ನಲ್ಲಿ ಲೈನ್ ಮನೆಯ ಮುಂದೆ ನಿಲ್ಲಿಸಿದೆ. ಸೆಲ್ವಂ ಜಗಲಿಯ ಮೇಲೇ ಇದ್ದರು. ನಾನು ಎಂಜಿನ್ ಆರಿಸಲಿಲ್ಲ. ಓಡುತ್ತಿರುವುದನ್ನು ನಿಲ್ಲಿಸಲು ಇನ್ನೂ ಧೈರ್ಯವಿರಲಿಲ್ಲ.

"ಆಫ್ ಮಾಡಿ ನಿಜ ಏಳು," ಎಂದಳು ರತ್ನ. "ಅವರಿಗೆ ಕೇಳಿಸ್ಬೇಕು."

ಕೀ ತಿರುಗಿಸಿದೆ. ಬೀದಿ ನಿಶ್ಶಬ್ದವಾಯಿತು. ಕಾರಿನಿಂದ ಇಳಿದು ನಿಂತು ಹೇಳಿದೆ, "ಅಣ್ಣ, ವಿಭೂತಿ ಬಳಿದಿದ್ದು ನನ್ನ ಎಂಡ್ತಿ ಅಲ್ಲ, ನಾನು. ಬೆಳಗ್ಗೆ ಬಾಯಿ ಬರ್ಲಿಲ್ಲ."

ಮುದುಕರು ಬೀಡಿ ಆರಿಸಿದರು. ರತ್ನನ ಕಡೆ ಒಮ್ಮೆ ಕೈ ಮುಗಿದರು. ಆಮೇಲೆ ನನಗೆ, "ಇದನ್ನ ಹೇಳಕ್ಕೆ ಎಂಜಿನ್ ಆಫ್ ಮಾಡಿದ್ಯಾ? ಈಗ ಹತ್ಲಿಲ್ಲಾಂದ್ರೆ?"

"ಹತ್ಲಿಲ್ಲಾಂದ್ರೆ ಕಂಬಳಿ ಇದೆ," ಎಂದೆ.

ಒಳಗೆ ಕೂತು ಕೀ ತಿರುಗಿಸಿದೆ. ಒಂದೇ ಸಲಕ್ಕೆ ಹತ್ತಿಕೊಂಡಿತು. ರತ್ನ ಸೆರಗು ಸರಿಮಾಡಿಕೊಂಡು ಮುಂದಕ್ಕೆ ನೋಡಿದಳು.

"ಸೀದಾ ಮನೆಗೆ ನಡಿ ಮಾವ," ಎಂದಳು.