ಸಾವಕಾರನನ್ನು ಮುಗಿಸುವುದು

ನನ್ನ ಗಂಡನ ಬಲಗೈ ಮುರಿದದ್ದು ಒಂದು ಮಾತಿನಿಂದ. 'ಮುಗಸೂಣು' ಎನ್ನುವ ಮಾತು. ನಮ್ಮ ಕಡೆ ರೊಟ್ಟಿ ಬಡಿಯುವುದನ್ನೂ ಮುಗಿಸುತ್ತಾರೆ, ಆಟವನ್ನೂ ಮುಗಿಸುತ್ತಾರೆ, ಸಿಟ್ಟು ಬಂದರೆ ಮನುಷ್ಯನನ್ನೂ ಮುಗಿಸುತ್ತಾರೆ. ಈ ಮೂರರಲ್ಲಿ ಯಾವುದು ಎಂದು ಕೇಳುವಷ್ಟು ಪುರುಸೊತ್ತು ಅವತ್ತು ಬಡಿಗೆ ಹಿಡಿದು ಬಂದವರಿಗೆ ಇರಲಿಲ್ಲ.

ನಮ್ಮವರು ಗೂಡ್ಸ್ ಗಾಡಿ ಓಡಿಸುತ್ತಾರೆ. ಉಳ್ಳಾಗಡ್ಡಿ, ಬೆಲ್ಲ, ಹತ್ತಿ, ಮನೆ ಬದಲಿಸುವವರ ಪಾತ್ರೆ ಪಡಗ, ಏನು ಸಿಕ್ಕರೂ ಸರಿ. ರಾಮದುರ್ಗದಿಂದ ಸವದತ್ತಿ, ಅಲ್ಲಿಂದ ಬೈಲಹೊಂಗಲ, ಒಮ್ಮೊಮ್ಮೆ ಕಿತ್ತೂರಿನವರೆಗೆ. ಇಷ್ಟು ದಾರಿ ಸವೆಸಿ ಮನೆಗೆ ಬಂದವರು ಕೈಕಾಲು ತೊಳೆದು, ಚಹಾ ಕುಡಿದು, ಟಿವಿ ಮುಂದೆ ಚಾಪೆ ಹಾಸಿಕೊಂಡು ಮತ್ತೊಂದು ದಾರಿ ಹಿಡಿಯುತ್ತಿದ್ದರು. ಅದು ವಿಡಿಯೋ ಆಟದೊಳಗಿನ ದಾರಿ. ಕೊಡಲಿ ಹಿಡಿದ ಒಬ್ಬ ಗಡ್ಡದ ಮನುಷ್ಯ ಹಿಮದಲ್ಲಿ ನಡೆಯುತ್ತಾನೆ. ಅಡ್ಡ ಬಂದವರ ತಲೆ ಸೀಳುತ್ತಾನೆ, ಮತ್ತೆ ನಡೆಯುತ್ತಾನೆ. ಬಿಳಿ ಹಿಮದ ಮೇಲೆ ಕೆಂಪು ಚೆಲ್ಲಿಕೊಂಡಿರುತ್ತದೆ. ಕುದುರೆಗೆ ಹುಲ್ಲು ಹಾಕಬೇಕು, ಬೆಂಕಿ ಹಚ್ಚಬೇಕು, ಗಾಯಕ್ಕೆ ಎಲೆ ಅರೆದು ಕಟ್ಟಬೇಕು, ಮರುದಿನ ಇನ್ನೊಂದಿಷ್ಟು ಜನರನ್ನು ಕೊಲ್ಲಬೇಕು.

ಆ ಆಟದ ಪೆಟ್ಟಿಗೆಯನ್ನು ತಂದುಕೊಟ್ಟವನು ನನ್ನ ತಮ್ಮ. ಬೈಲಹೊಂಗಲದಲ್ಲಿ ಅವನದು ಮೊಬೈಲ್ ರಿಪೇರಿ ಅಂಗಡಿ. ಅವನಿಗೆ ಉದ್ದದ ಆಟ ಎಂದರೆ ಮೈ ಉರಿ. ಅಡ್ಡದಾರಿಯಲ್ಲಿ ಓಡಿ ಓಡಿ ಮುಗಿಸಿ, ಪೆಟ್ಟಿಗೆಯನ್ನು ಅವನ ಮಾವನ, ಅಂದರೆ ನನ್ನ ಗಂಡನ ಕೈಗೆ ದಾಟಿಸಿದ್ದ.

"ಆಟಾ ಅಂದ್ರ ಚಹಾ ಆರೂದ್ರಾಗ ಸಾಯಬೇಕು, ಇಲ್ಲಾ ಸಾಯಿಸಬೇಕು. ಇದೇನ್ ಮಾವಾ, ಮದವಿ ಮಾಡಿಕೊಂಡಂಗ ಮಾಡ್ಯಾರ" ಎನ್ನುತ್ತಿದ್ದ.

"ಮುಗದ್ರ ಏನ್ ಮಾಡ್ಲಿ? ಮತ್ತ ನಿನ್ನ ಮಾರಿ ನೋಡ್ಕೋತ ಕುಂದರ್ಲೇನು?" ಎನ್ನುತ್ತಿದ್ದರು ಇವರು.

ಇವರ ರೀತಿಯೇ ಬೇರೆ. ಆಟದಲ್ಲಿ ಒಂದು ಗುಡಿಸಲು ಕಂಡರೆ ಒಳಗೆ ಹೋಗಿ ಗಡಿಗೆ ಮುಚ್ಚಳ ತೆಗೆದು ನೋಡಲೇಬೇಕು. ನಾನು ಪಕ್ಕದಲ್ಲಿ ಕುಳಿತು ತೊಗರಿಬೇಳೆ ಹಸನು ಮಾಡುತ್ತ "ಎಲ್ಲೀತನಾ ಬಂತ್ರಿ?" ಎಂದು ಕೇಳಿದರೆ, ಉತ್ತರ ಯಾವಾಗಲೂ "ಇನ್ನೂ ಅರ್ಧಾನೂ ಆಗಿಲ್ಲ." ಮಳೆಗಾಲ ಹೋಗಿ ಚಳಿ ಬಂತು, ಎಳೆ ಜೋಳದ ಸೀತನಿ ಸುಟ್ಟು ತಿಂದೆವು, ಬಿಸಿಲು ಬಂತು, ಅರ್ಧ ಆಗಿರಲಿಲ್ಲ. ನನಗೆ ಅದು ಹೇಸಿಗೆ ತರಿಸುತ್ತಿತ್ತು. ರಕ್ತಕ್ಕೆ ನಾನು ಅಷ್ಟು ಅಂಜುವವಳಲ್ಲ. ಹೇಸಿಗೆ ಆ ಉದ್ದದ್ದು. ನಾನು ದಿನಾ ಬಡಿದ ರೊಟ್ಟಿ ದಿನಾ ತೀರುತ್ತದೆ, ಒಗೆದ ಅರಿವೆ ಒಣಗುತ್ತದೆ. ಇದು ಮಾತ್ರ ಅಷ್ಟು ಜನರನ್ನು ಕೊಂದರೂ ತೀರದು.

ಆಟದ ನಡುವೆ ಒಂದು ಕೋಟೆ ಬರುತ್ತದೆ. ಗುಡ್ಡದ ಮೇಲಿನ ಆ ಕಲ್ಲಿನ ಗೋಡೆ ನೋಡಿದ ಕೂಡಲೇ ನಾನು "ಅಯ್ಯ, ನಮ್ಮ ತೊರಗಲ್ಲ ಕ್ವಾಟಿ ಇದ್ದಂಗ ಐತಲ್ಲ" ಎಂದಿದ್ದೆ. ಒಳಗೆ ಒಬ್ಬ ದಪ್ಪ ಒಡೆಯ. ಮೈತುಂಬ ಕಬ್ಬಿಣ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ನಡೆದರೆ ಝಣ ಝಣ. ತಮ್ಮ ನಮ್ಮ ಮನೆಗೆ ಬಂದಿದ್ದಾಗ ಅದನ್ನು ನೋಡಿ ಬಿದ್ದು ಬಿದ್ದು ನಕ್ಕ. "ಅಕ್ಕಾ, ಇಂವ ನಿಮ್ಮ ಬಾಜೂಮನಿ ಸಾವಕಾರನ ಅದಾನ ನೋಡ! ಕೀಲೀಕೈ ಸೈತ ಹಂಗ!"

ನಮ್ಮ ಗೋಡೆಗೆ ಹತ್ತಿಕೊಂಡಿರುವುದು ಕಾಳುಕಡಿ ವ್ಯಾಪಾರಿಯ ಗೋದಾಮು. ಓಣಿಯವರೆಲ್ಲ ಆ ವ್ಯಾಪಾರಿಯನ್ನು ಸಾವಕಾರ್ರು ಎಂದೇ ಕರೆಯುವುದು. ಅವರ ಸೊಂಟದಲ್ಲೂ ಕೀಲಿಕೈ ಗೊಂಚಲು ಇರುವುದು ನಿಜ. ಅಂದಿನಿಂದ ಆಟದ ಒಡೆಯನಿಗೆ ನಮ್ಮ ಮನೆಯಲ್ಲಿ ಅದೇ ಹೆಸರು ನಿಂತಿತು.

ಹೆಸರಷ್ಟೇ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಗೋದಾಮಿನ ಮಾಳಿಗೆಯ ನೀರಿನ ಪೈಪು ನಮ್ಮ ಗೋಡೆಯ ಕಡೆ ಬಾಯಿ ಚಾಚಿತ್ತು. ಮಳೆ ಬಂದರೆ ನಮ್ಮ ಅಡಿಗೆ ಮನೆಯ ಗೋಡೆ ನೆನೆದು ಮಣ್ಣು ಉದುರುತ್ತಿತ್ತು. ಇವರು ಎಷ್ಟು ಸಲ ಹೇಳಿದರೂ ಸಾವಕಾರರು "ನೋಡೂಣಂತ" ಎನ್ನುತ್ತಿದ್ದರು. ಆ ಬೇಸಿಗೆಯ ಮೊದಲ ಅಡ್ಡಮಳೆಗೆ ಗೋಡೆಯ ಒಂದು ಮೂಲೆ ನನ್ನ ಒಲೆಯ ಮೇಲೆ ಕುಸಿಯಿತು. ಇವರು ಓಣಿಯಲ್ಲಿ ನಿಂತು, ಎಲ್ಲರೂ ಕೇಳುವಂತೆ "ಒಂದಿನಾ ನಿನ್ನ ಪೈಪು ನಿನ್ನ ತಲೀ ಮ್ಯಾಲ ಇರತೈತಿ" ಎಂದು ಕೂಗಿ ಬಂದಿದ್ದರು. ಸಾವಕಾರರ ಇಬ್ಬರು ಅಣ್ಣನ ಮಕ್ಕಳು ಗೋದಾಮಿನಲ್ಲಿ ಚೀಲ ಹೊರಿಸುವುದನ್ನು ನೋಡಿಕೊಳ್ಳುತ್ತಾರೆ. ಇಬ್ಬರೂ ಗೋದಾಮಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

ಅದಾದ ಕೆಲವು ದಿನಕ್ಕೆ, ಒಂದು ಆದಿತ್ಯವಾರ ಮಧ್ಯಾಹ್ನ. ಇವರು ಕೋಟೆಯ ಬಾಗಿಲಿಗೆ ಮುಟ್ಟಿದ್ದರು. ಹೇಗೆ ಹೊಡೆದರೂ ಒಡೆಯ ಸಾಯಲೊಲ್ಲ. ತಮ್ಮನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಕಿಟಕಿಯಲ್ಲಿಟ್ಟರು. ಆ ಕಿಟಕಿ ಗೋದಾಮಿನ ಸಂದಿಗೆ ತೆರೆಯುತ್ತದೆ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ.

"ಸಂಜೀ ಮುಂದ ಹೋಗು ಮಾವಾ. ಕಾವಲದವ್ರು ಉಣ್ಣಾಕ ಹೋಗಿರತಾರು. ಸಾವಕಾರ ಒಬ್ಬನ ಇರತಾನು" ಎಂದಿತು ಫೋನಿನೊಳಗಿನ ದನಿ.

"ಮುಂದಿನ ಬಾಗಲಾ?"

"ಬ್ಯಾಡ, ಹಿಂದಿನ ಬಾಗಲಾ. ಮೊದಲ ಕಾಲಿಗೆ ಹೊಡಿ, ಕೆಳಗ ಬೀಳತಾನು. ಆಮ್ಯಾಲ ಕುತಗಿ."

"ಕೊಡ್ಲಿನಾ ತುಗೊಳ್ಳೇನು?"

"ಮತ್ತೇನ್ ಲಟ್ಟಣಗಿ ತುಗೋತೀ? ಕೊಡ್ಲಿನಾ ತುಗೋ."

"ಆತು ಹಂಗಾರ. ಇವತ್ತ ಸಾವಕಾರನ್ನ ಮುಗಸೇ ಬಿಡೂಣು" ಎಂದರು ಇವರು, ದೊಡ್ಡ ದನಿಯಲ್ಲಿ, ಖುಷಿಯಿಂದ.

ನಾನು ಬದನೆಕಾಯಿ ಹೆಚ್ಚುತ್ತಿದ್ದೆ. ಸಂದಿಯಲ್ಲಿ ಯಾರೋ ಚಪ್ಪಲಿ ಎಳೆದುಕೊಂಡು ಓಡಿದ ಸಪ್ಪಳ ಕೇಳಿತು. ಬೆಕ್ಕಿನ ಹಿಂದೆ ಓಡಿರಬೇಕು ಎಂದುಕೊಂಡೆ.

ಬಾಗಿಲು ತೆರೆದೇ ಇತ್ತು. ಸಾವಕಾರರ ಅಣ್ಣನ ಮಕ್ಕಳಿಬ್ಬರೂ ಬಂದರು. ದೊಡ್ಡವನ ಕೈಯಲ್ಲಿ ಬಡಿಗೆ, ಸಣ್ಣವನ ಕೈಯಲ್ಲಿ ಚೀಲ ಎಳೆಯುವ ಕಬ್ಬಿಣದ ಕೊಕ್ಕೆ. ನಾನು ಎದ್ದು ಅಡ್ಡ ನಿಂತೆ. ದೊಡ್ಡವನು ನನ್ನ ಭುಜವನ್ನು ಮೆಲ್ಲಗೆ ಹಿಡಿದು, "ವೈನಿ, ನೀವು ಬಾಜೂಕ ಸರೀರಿ" ಎಂದ, ಸ್ವಂತ ಅತ್ತಿಗೆಗೆ ಹೇಳುವ ಹಾಗೆ. ದೀಪಾವಳಿಯಲ್ಲಿ ನನ್ನ ಕೈಯ ಕರ್ಚಿಕಾಯಿ ತಿಂದವನು ಅವನು. ಆ 'ಸರೀರಿ'ಯಲ್ಲಿ ಮರ್ಯಾದೆ ಸ್ವಲ್ಪವೂ ಕಡಿಮೆ ಇರಲಿಲ್ಲ. ನನ್ನನ್ನು ಗೋಡೆಗೆ ನಿಲ್ಲಿಸಿ, ತಿರುಗಿ, ಚಾಪೆಯ ಮೇಲೆ ಕುಳಿತಿದ್ದ ನನ್ನ ಗಂಡನ ಬೆನ್ನಿಗೆ ಬಡಿಗೆ ಇಳಿಸಿದ.

ಮೂಳೆ ಮುರಿಯುವ ಸಪ್ಪಳ ಆಟದಲ್ಲಿ ದೊಡ್ಡದಾಗಿರುತ್ತದೆ. ನಿಜದಲ್ಲಿ ಹಾಗಲ್ಲ. ಹಸಿ ಕಬ್ಬನ್ನು ಮೊಣಕಾಲಿಗೆ ಹಚ್ಚಿ ಮುರಿದ ಹಾಗೆ, ಸಣ್ಣಗೆ, ಲಟಕ್. ಎರಡನೆಯ ಏಟನ್ನು ತಡೆಯಲು ಎತ್ತಿದ ಬಲಗೈ ಅದು. ಕೈ ನೆಲಕ್ಕೆ ಬಿದ್ದ ಮೇಲೂ ದೊಡ್ಡವನು ಅದರ ಮೇಲೆ ಇನ್ನೊಮ್ಮೆ ಹೊಡೆದ, ಬೆರಳುಗಳ ಮೇಲೆ. ಸಣ್ಣವನ ಕೊಕ್ಕೆ ಇವರ ಅಂಗಿ ಹರಿದು ಹೆಗಲ ಚರ್ಮ ಎತ್ತಿತು. "ಯಾರನ್ನಲೇ ಮುಗಸಾಂವ? ಯಾರನ್ನ? ಹೇಳು!" ಎನ್ನುತ್ತ ಹೊಡೆದರು. ಹೇಳಲು ಬಿಡಲಿಲ್ಲ. ಕೊನೆಗೆ ಸಣ್ಣವನು ಪೆಟ್ಟಿಗೆಯನ್ನು ಎತ್ತಿ ಕಲ್ಲಿನ ನೆಲಕ್ಕೆ ಕುಕ್ಕಿದ. ಕಿಟಕಿಯ ಫೋನಿನಲ್ಲಿ ತಮ್ಮ ಒಂದೇ ಸಮನೆ ಕೂಗುತ್ತಿದ್ದ. "ಮಾವಾ? ಏನಾತು ಮಾವಾ? ಸತ್ತೇನು?"

ಬೈಲಹೊಂಗಲದ ಆಸ್ಪತ್ರೆಯಲ್ಲಿ ಪ್ಲೇಟು ಹಾಕಿದರು. ಕೈ ಮೊದಲಿನಂತೆ ಸ್ಟೇರಿಂಗ್ ಹಿಡಿಯುತ್ತದೆಯೋ ಇಲ್ಲವೋ ಎಂದು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಊರಿನ ಹಿರಿಯರು ರಾಜಿಗೆ ಕರೆದರು. ತಮ್ಮ ತನ್ನ ಮೊಬೈಲಿನಲ್ಲಿ ಆಟದ ಒಡೆಯನ ಚಿತ್ರ ತೋರಿಸಿ, "ನೋಡ್ರಿ, ಈ ಸಾವಕಾರನ್ರಿ, ಇವರಲ್ಲರಿ" ಎಂದ. ಮೊಬೈಲು ಕೈಯಿಂದ ಕೈಗೆ ಹೋಯಿತು. ಕೀಲಿಕೈ ಗೊಂಚಲು ಕಂಡದ್ದೇ ಒಬ್ಬ ಹಿರಿಯರು ನಕ್ಕರು. ಪಕ್ಕದವರು ನಕ್ಕರು. ಸಾವಕಾರರೇ "ಎಲ್ಲಾ ಬಿಟ್ಟು ನನ್ನ ಹೊಟ್ಟೀನ ಸಿಕ್ತೇನು?" ಎಂದು ನಕ್ಕರು. ಹೊಡೆದವರಿಬ್ಬರೂ ತಲೆ ತಗ್ಗಿಸಿಕೊಂಡು ನಕ್ಕರು. ಚಹಾ ಬಂತು. ಪೈಪು ತಿರುಗಿಸುವುದು, ಆಸ್ಪತ್ರೆಯ ಖರ್ಚು ಅವರದು ಎಂದು ಮಾತಾಯಿತು. ಹೊಡೆದವನು "ವೈನಿ, ತಪ್ಪ ತಿಳಕೊಂಡ್ವಿ ನೋಡ್ರಿ" ಎಂದು ನನ್ನ ಕಾಲು ಮುಟ್ಟಲು ಬಂದ. ಕಾಲು ಹಿಂದಕ್ಕೆಳೆದುಕೊಂಡೆ.

ಆ ಕೋಣೆಯಲ್ಲಿ ನಗದವರು ಇಬ್ಬರು. ನಾನು, ಮತ್ತು ಕೊರಳಿಗೆ ಕೈ ನೇತುಹಾಕಿಕೊಂಡು ಕುಳಿತವರು.

ಅಂದಿನಿಂದ ಇವರ ದನಿ ಇಂಗಿತು. ಓಣಿಯ ತುದಿಯಲ್ಲಿ ಕರೆದರೆ ಈ ತುದಿಗೆ ಕೇಳಿಸುತ್ತಿದ್ದ ಮನುಷ್ಯ. ಈಗ ಉಪ್ಪು ಬೇಕಾದರೂ ಬೆರಳು ತೋರಿಸುತ್ತಿದ್ದರು. ಬಿಸಿಲಿದ್ದರೂ ಆ ಕಿಟಕಿ ಮುಚ್ಚುತ್ತಿದ್ದರು. ಪಟ್ಟಿ ಬಿಚ್ಚಿದ ಮೇಲೆ ಬೆರಳುಗಳು ಮಡಚಲಿಲ್ಲ. ವ್ಯಾಯಾಮಕ್ಕೆ ಕೊಟ್ಟ ರಬ್ಬರ್ ಚೆಂಡು ಮಂಚದ ಕೆಳಗೆ ಉರುಳಿ ಧೂಳು ತಿಂದಿತು. ಗಾಡಿಯನ್ನು ಬೇರೆಯವರು ಓಡಿಸತೊಡಗಿದರು. ಹೀಗೇ ಬಿಟ್ಟರೆ ಕೈಯೂ ಹೋಗುತ್ತದೆ, ಮನುಷ್ಯನೂ ಹೋಗುತ್ತಾನೆ ಎನಿಸಿತು. ಫೋನು ಹಚ್ಚಿ ತಮ್ಮನಿಗೆ ಹೇಳಿದೆ, "ಇನ್ನೊಂದು ಪೆಟಗಿ ತುಗೊಂಡ ಬಾ."

"ಅಕ್ಕಾ, ಹಳೇ ಆಟಾ ಹೋತು. ಮೊದಲಿನಿಂದ ಆಡಬೇಕಾಕ್ಕೈತಿ. ಸಣ್ಣ ಆಟಾ ತರಲೇನು? ಲಗೂನ ಮುಗೀತಾವು."

"ಲಗೂನ ಮುಗಿಯೂದು ಬ್ಯಾಡ. ಅದ ಬೇಕು."

ಪೆಟ್ಟಿಗೆ ಬಂತು. ಇವರು ಅದರ ಕಡೆ ನೋಡಲೂ ಇಲ್ಲ. ಮಧ್ಯಾಹ್ನ ಊಟದ ಪಾತ್ರೆ ತೊಳೆದು, ಚಾಪೆ ಹಾಸಿ, ನಾನೇ ರಿಮೋಟು ಹಿಡಿದೆ. ಕಂಟ್ರೋಲರ್ ಎನ್ನಬೇಕಂತೆ. ನಮ್ಮ ಮನೆಯಲ್ಲಿ ರಿಮೋಟು. ಹಿಮದಲ್ಲಿ ಗಡ್ಡದವನು ಗೋಡೆಗೆ ಮುಖ ಮಾಡಿ ನಡೆಯುತ್ತಲೇ ನಿಂತ. ತೋಳಗಳು ಬಂದು ಅವನನ್ನು ಹರಿದವು. ಮತ್ತೆ ಎದ್ದ, ಮತ್ತೆ ಹರಿದವು. ಸ್ವಲ್ಪ ಹೊತ್ತಿಗೆ ಇವರು ಪಕ್ಕಕ್ಕೆ ಬಂದು ಕುಳಿತು, ಎಡಗೈಯಿಂದ ರಿಮೋಟಿನ ಎಡಭಾಗ ಹಿಡಿದರು. ಬಲಭಾಗ ನನ್ನ ಕೈಯಲ್ಲೇ ಉಳಿಯಿತು. ನಡೆಸುವುದು ಅವರು, ಹೊಡೆಯುವುದು ನಾನು.

ಹೀಗೆ ಆಡಿದೆವು, ದಿನಾ ಮಧ್ಯಾಹ್ನ. ನಾನು ಹೊಡೆಯಬೇಕಾದಾಗ ಅವರು ತಮ್ಮ ಮೊಣಕಾಲಿನಿಂದ ನನ್ನ ಮೊಣಕಾಲು ತಿವಿಯುತ್ತಿದ್ದರು. ಮೊದಮೊದಲು ತಡವಾಗಿ ಹೊಡೆಯುತ್ತಿದ್ದೆ. ಆಮೇಲೆ ಕೈ ಕುದುರಿತು. ಕೊಡಲಿ ತಲೆಯೊಳಗೆ ಇಳಿಯುವಾಗ ರಿಮೋಟು ಅಂಗೈಯಲ್ಲಿ ಗುರ್ ಎಂದು ನಡುಗುತ್ತದೆ. ಆ ನಡುಕ ನನಗೆ ಹಿಡಿಸಿತು. ಬಿದ್ದವನ ಮೇಲೂ ಇನ್ನೊಂದು ಹಾಕುತ್ತಿದ್ದೆ. ಅಷ್ಟು ಮುಖಗಳಲ್ಲಿ ನನಗೆ ಕಾಣುತ್ತಿದ್ದದ್ದು ಒಂದೇ ಮುಖ, ಕರ್ಚಿಕಾಯಿ ತಿಂದ ಮುಖ. ಒಂದು ದಿನ ಒಬ್ಬನ ಎದೆಗೆ ಕೊಡಲಿ ಬೀಸುತ್ತ ನನ್ನ ಬಾಯಿಂದ "ಬಾಜೂಕ ಸರೀರಿ" ಎಂದು ಬಂತು. ಇವರು ನನ್ನ ಮುಖ ನೋಡಿದರು. ಮತ್ತೆ ಮುಂದೆ ನಡೆಸಿದರು.

ಬಡಿದ ರೊಟ್ಟಿ ತೀರುವ ಹಾಗೆ ನನ್ನ ಸಿಟ್ಟು ತೀರಲಿಲ್ಲ. ಅದಕ್ಕೆ ಅಷ್ಟು ಉದ್ದದ ದಾರಿಯೇ ಬೇಕಾಗಿತ್ತು. ಸಣ್ಣ ಆಟವಾಗಿದ್ದರೆ ನಾನು ಎದ್ದು ಗೋದಾಮಿಗೆ ಹೋಗುತ್ತಿದ್ದೆನೇನೋ. ಬಾಗಿಲ ಹಿಂದೆ ಒಂದು ಬಡಿಗೆ ತಂದಿಟ್ಟುಕೊಂಡಿದ್ದೆ.

ನಡುನಡುವೆ ಇವರ ಬಲಗೈ ಬಂದು ನನ್ನ ಕೈಯ ಮೇಲೆ ಕೂರತೊಡಗಿತು. ಮೊದಲು ಬರೀ ಭಾರ. ಆಮೇಲೆ ಹೆಬ್ಬೆರಳು ಅಲುಗಿತು.

ಮತ್ತೆ ಕೋಟೆ ಬಂತು. ಆ ಮಧ್ಯಾಹ್ನ ಕರೆಂಟು ಕೈಕೊಟ್ಟು ಆಗಷ್ಟೇ ಬಂದಿತ್ತು, ಮನೆಯೊಳಗೆ ಒಲೆಯಂಥ ಕಾವು. ಎದ್ದು ಕಿಟಕಿ ತೆರೆದೆ. ಸಂದಿಯಲ್ಲಿ ಚೀಲ ಇಳಿಸುತ್ತಿದ್ದರು. ಧಪ್, ಧಪ್. ಆ ಇಬ್ಬರ ದನಿಯೂ ಕೇಳುತ್ತಿತ್ತು. ಇವರು "ಮುಚ್ಚು" ಎಂದು ಸನ್ನೆ ಮಾಡಿದರು. ನಾನು ಬಾಗಿಲ ಹಿಂದಿನ ಬಡಿಗೆಯನ್ನು ತಂದು ತೊಡೆಯ ಮೇಲಿಟ್ಟುಕೊಂಡು ಕುಳಿತೆ. "ಇರಲಿ ಬಿಡ್ರಿ. ಆಡ್ರಿ" ಎಂದೆ.

ಕೀಲಿಕೈ ಝಣಗುಡಿಸುತ್ತ ಒಡೆಯ ಬಂದ. ಕಾಲಿಗೆ ಹೊಡೆದೆ. ಕೆಳಗೆ ಬಿದ್ದ. ಕುತ್ತಿಗೆಗೆ ಹೊಡೆಯುವ ಹೊತ್ತಿಗೆ ಇವರ ಸೊಟ್ಟ ಹೆಬ್ಬೆರಳು ನನ್ನ ಬೆರಳನ್ನು ತಳ್ಳಿತು.

"ನೀ ಬಾಜೂಕ ಸರಿ" ಎಂದರು. ತಿಂಗಳುಗಳಿಂದ ಕೇಳದ ದನಿ, ಓಣಿಯ ಆ ತುದಿಗೆ ಮುಟ್ಟುವ ದನಿ. "ಸಾವಕಾರನ್ನ ನಾ ಮುಗಸತೇನಿ!"

ಸಂದಿಯಲ್ಲಿ ಚೀಲ ಇಳಿಸುವ ಸಪ್ಪಳ ನಿಂತಿತು. ನಾನು ಬಡಿಗೆಯನ್ನು ಬಿಗಿಯಾಗಿ ಹಿಡಿದು ಬಾಗಿಲನ್ನೇ ನೋಡುತ್ತ ಕುಳಿತೆ. ಬಂದರೆ ಮೊದಲು ಕಾಲಿಗೆ, ಎಂದು ಲೆಕ್ಕ ಹಾಕಿದ್ದೆ.

ಹೆಬ್ಬೆರಳಿಗೆ ಇನ್ನೂ ಅಷ್ಟು ಕಸುವು ಬಂದಿರಲಿಲ್ಲ. ಗುಂಡಿ ಒತ್ತುವುದು ತಡವಾಯಿತು. ಒಡೆಯ ಎದ್ದವನೇ ಗದೆ ಬೀಸಿ ಗಡ್ಡದವನ ತಲೆಯನ್ನು ಗೋಡೆಗೆ ಅಪ್ಪಳಿಸಿದ. ಟಿವಿ ಕೆಂಪಾಯಿತು.

"ಸತ್ವಿ" ಎಂದೆ.

"ಸಾಯ್ಲಿ ತುಗೋ" ಎಂದರು ಅದೇ ದೊಡ್ಡ ದನಿಯಲ್ಲಿ, ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸುತ್ತ. "ಮತ್ತ ಹಚ್ಚು. ಹಿಂದಿನ ಬಾಗಲದಿಂದ."

ಸಂದಿಯಲ್ಲಿ ಒಂದು ಚೀಲ ಧಪ್ಪೆಂದಿತು. ಆಮೇಲೆ ಇನ್ನೊಂದು.